ಮಲ್ಲಾಪುರ ಮಲ್ಲೇಶ್ವರವಾದುದು

ಬೆಂಗಳೂರಿನ ಮಲ್ಲೇಶ್ವರಕ್ಕೆ ಹೆಸರನ್ನಿತ್ತ ದೇವರನ್ನು ಜನರು ಇಂದಿಗೂ ಕಾಡು ಮಲ್ಲೇಶ್ವರನೆಂದೇ ಕರೆಯುತ್ತಾರೆ. ದಿಬ್ಬದ ಮೇಲಿನ ಗುಡಿಗೆ ಮರಗಳ ನೆರಳೇನೋ ಉಂಟು. ಮೆಟ್ಟಿಲಿಳಿದರೆ ಮಾತ್ರ ಬೀದಿ, ಬೀದಿಯನ್ನು ದಾಟಿದರೆ ವಾಹನಗಳ ಸಂದಣಿ. ಆ ಕಾಡೇನಾಯಿತೆಂದು ತಿಳಿಯಬೇಕಾದರೆ ಮುನ್ನೂರೈವತ್ತು ವರ್ಷಗಳಷ್ಟು ಹಿಂದೆ ಸರಿಯಬೇಕು.

ಆಗ ಇದು ಮಲ್ಲಾಪುರವೆಂಬ ಗ್ರಾಮ. 1638ರಲ್ಲಿ ಬಿಜಾಪುರದ ವಶವಾದ ಬೆಂಗಳೂರನ್ನು ಜಹಗೀರಾಗಿ ಪಡೆದವನು ಶಿವಾಜಿಯ ತಂದೆ ಷಹಾಜಿ. ಅವನ ಇನ್ನೊಬ್ಬ ಮಗನಾದ ಏಕೋಜಿಯು 1669ರಲ್ಲಿ ಮಲ್ಲಾಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ದಾನವಾಗಿ ಬಿಟ್ಟನೆಂದು ಶಾಸನವು ಸಾರುತ್ತದೆ. ಒಂದು ಹಳ್ಳಿಯ ಹುಟ್ಟುವಳಿಯಿಂದ ಮತ್ತೊಂದು ಹಳ್ಳಿಯ ದೇವರ ದೀಪ ಉರಿಯುತ್ತಿದ್ದ ಕಾಲವದು. ದಾನ ಕೊಟ್ಟವರ ಆಳ್ವಿಕೆಯೇ ಹೆಚ್ಚು ದಿನ ಉಳಿಯಲಿಲ್ಲ. 1687ರಲ್ಲಿ ಮೊಗಲರ ಕೈಗೆ ಸಿಕ್ಕ ಬೆಂಗಳೂರು, ಅನಂತರ ಮೂರು ಲಕ್ಷ ರೂಪಾಯಿಗಳಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರದಾಯಿತು. ಒಡೆಯರು ಬದಲಾದರೂ ಮಲ್ಲಾಪುರ ಹಳ್ಳಿಯಾಗಿಯೇ ಉಳಿಯಿತು.

ಅದನ್ನು ನಗರವಾಗಿಸಿದುದು ಒಂದು ಮಹಾಮಾರಿ. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಪ್ರವೇಶಿಸಿತು. ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ, ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಇಲಿ ಬಿದ್ದಿತೆಂದರೆ ಮುಗಿಯಿತು. ಸಂಸಾರಗಳು ಮನೆಗೆ ಬೀಗ ಹಾಕಿ ಬಯಲಿನ ಗುಡಿಸಲುಗಳಿಗೆ ಓಡುತ್ತಿದ್ದವು. ಹೊಸ ಬಡಾವಣೆಗಳ ಆಲೋಚನೆ ಮೊದಲೇ ಇದ್ದರೂ ಅದಕ್ಕೆ ವೇಗ ಬಂದುದು ಈ ಸಾವುಗಳಿಂದ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಆ ದಿನಗಳಲ್ಲಿ ದಕ್ಷಿಣಕ್ಕೆ 440 ಎಕರೆಗಳ ಬಸವನಗುಡಿಯೂ ವಾಯವ್ಯಕ್ಕೆ 291 ಎಕರೆಗಳ ಮಲ್ಲೇಶ್ವರವೂ ರೂಪುಗೊಂಡವು.

ನೇರವಾದ ರಸ್ತೆಗಳು, ಅವನ್ನು ಅಡ್ಡ ಹಾಯುವ ಕ್ರಾಸುಗಳು, ಮನೆಯ ಮುಂದೆ ತೋಟ. ಸಂಪಿಗೆ ಮರಗಳಿಂದ ಸಂಪಿಗೆ ರಸ್ತೆಗೆ ಹೆಸರು ಬಂತು. ಅದರ ಜೊತೆಯ ಬೇವಿನ ರಸ್ತೆಗೆ ಮಾತ್ರ ಏಕೋ ‘ಮಾರ್ಗೋಸಾ’ ಎಂಬ ಪರಭಾಷೆಯ ಉಡುಪು! ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಕನ್ಸರ್ವೆನ್ಸಿ ಓಣಿಗಳನ್ನು ಬಿಟ್ಟರು. ಜಾಡಮಾಲಿಗಳು ಮುಂಬಾಗಿಲಿನತ್ತ ಸುಳಿಯದೆ ಹಿಂದಿನಿಂದ ಬಂದು ಮಲವನ್ನು ಹೊತ್ತು ಹೋಗಬೇಕೆಂಬುದೇ ಅವುಗಳ ಉದ್ದೇಶ. ಬಡಾವಣೆಯನ್ನು ಎಂಟು ಭಾಗಗಳಾಗಿ ವಿಂಗಡಿಸಿ ಒಂದೊಂದನ್ನು ಒಂದೊಂದು ಜನವರ್ಗಕ್ಕೆ ಗೊತ್ತುಮಾಡಿದ್ದರೆಂಬುದನ್ನೂ ಮರೆಯುವಂತಿಲ್ಲ. ಪ್ಲೇಗಿನ ಕ್ರಿಮಿಗೆ ಹೆದರಿ ಹಳೆಯ ಕೇರಿಗಳನ್ನು ತೊರೆದವರಿಗೆ ನಕ್ಷೆಯಲ್ಲಿ ಹೊಸ ಕೇರಿಗಳೇ ಸಿದ್ಧವಾಗಿದ್ದವು.

ಮುಂದಿನ ಕಥೆ ಓದುಗರಿಗೆ ಪರಿಚಿತ. ಹತ್ತಿರದಲ್ಲೇ 1909ರಲ್ಲಿ ವಿಜ್ಞಾನಮಂದಿರ ಹುಟ್ಟಿತು, ಸರ್ ಸಿ. ವಿ. ರಾಮನ್ ಅವರು ಮಲ್ಲೇಶ್ವರದಲ್ಲಿ ಮನೆಮಾಡಿದರು. ಈಗ ಹೆಂಚಿನ ಮನೆಗಳು ಒಂದೊಂದಾಗಿ ಉರುಳಿ, ಒಂದು ಸಂಸಾರವಿದ್ದೆಡೆ ಹಲವು ಸಂಸಾರಗಳ ಮಹಡಿಗಳು ಎದ್ದಿವೆ.

ಆದರೂ ಮಲ್ಲಾಪುರ ಪೂರ್ಣವಾಗಿ ಅಳಿದಿರಲಿಲ್ಲ. ಕಾಡು ಮಲ್ಲೇಶ್ವರನ ಗುಡಿಯ ಎದುರಿಗೆ, ಬೀದಿಯ ಆಚೆ, ಬರಿಯ ಬಯಲೊಂದಿತ್ತು. 1997ರಲ್ಲಿ ಅದನ್ನು ಅಗೆದಾಗ ಕೆಳಗೆ ಕಲ್ಲಿನ ಕಂಬಗಳ ಮಂಟಪ, ನಡುವೆ ಕಲ್ಯಾಣಿ, ಮೇಲ್ಗಡೆ ಒಂದು ನಂದಿ ಕಾಣಿಸಿದವು. ನಂದಿಯ ಬಾಯಿಂದ ಹರಿಯುವ ನೀರು ಶಿವಲಿಂಗದ ಮೇಲೆ ಬಿದ್ದು ಕಲ್ಯಾಣಿಯನ್ನು ಸೇರುತ್ತದೆ. ನೂರು ವರ್ಷಗಳ ಕಾಲ ಬಡಾವಣೆಯ ಮಂದಿ ಅದರ ಪಕ್ಕದಲ್ಲೇ ನಡೆದಾಡಿದ್ದರು.