ನಿವೃತ್ತಿಯ ತಾರೀಖು ಬರೆದವರು ಯಾರು?

ಈಗ ಸರ್ಕಾರಿ ಸೇವೆಯಿಂದ ನಿವೃತ್ತರಾಗುತ್ತಿರುವ ತಲೆಮಾರಿನಲ್ಲಿ ಎಷ್ಟೋ ಜನರ ಜನ್ಮದಿನಾಂಕ ಮೇಷ್ಟ್ರು ಬರೆದದ್ದು. ಮಗುವಿನ ಕೈ ತಲೆಯ ಮೇಲಿಂದ ಹಾದು ಇನ್ನೊಂದು ಕಡೆಯ ಕಿವಿಗೆ ತಾಗಿದರೆ ಒಂದನೇ ತರಗತಿಗೆ ಸೇರಿಸಿಕೊಂಡು, ದಾಖಲಾತಿ ಪುಸ್ತಕದಲ್ಲಿ ಒಂದು ತಾರೀಖು ಹಾಕಿಬಿಡುತ್ತಿದ್ದರು. ಅದೇ ಅಂದಾಜು ಐವತ್ತು ವರ್ಷಗಳ ಬಳಿಕ ಬೀಳ್ಕೊಡುಗೆಯ ದಿನವನ್ನು ಗೊತ್ತುಮಾಡುತ್ತದೆ. ಅದಕ್ಕೆ ಕೂಡಿಸುವ ಅರವತ್ತು ಕೂಡ ಪ್ರಕೃತಿ ಕೊಟ್ಟ ಸಂಖ್ಯೆಯಲ್ಲ. 2008ರವರೆಗೆ ರಾಜ್ಯದ ನೌಕರರು 58ಕ್ಕೇ ಮನೆಗೆ ಹೋಗುತ್ತಿದ್ದರು. ಹೈಕೋರ್ಟ್ ನ್ಯಾಯಮೂರ್ತಿಗಳಿಗೆ 62, ಸುಪ್ರೀಂ ಕೋರ್ಟಿನವರಿಗೆ 65. ಸೈನ್ಯದ ಸಿಪಾಯಿಯಾದರೋ ಮೂವತ್ತೈದರ ಆಸುಪಾಸಿನಲ್ಲೇ ಮಾಜಿ ಸೈನಿಕ. ವೃದ್ಧಾಪ್ಯ ಪಿಂಚಣಿಯ ಕಾನೂನು ಮೊದಲು ತಂದ ಜರ್ಮನಿ 1889ರಲ್ಲಿ 70 ಎಂದು ಗೊತ್ತುಮಾಡಿ, 1916ರಲ್ಲಿ 65ಕ್ಕೆ ಇಳಿಸಿತು. ಖಜಾನೆಗೆ ಎಷ್ಟು ತಡೆದೀತು, ಹೊಸಬರಿಗೆ ಎಷ್ಟು ಜಾಗ ಬೇಕು ಎಂಬ ಲೆಕ್ಕದಲ್ಲಿ ಹುಟ್ಟಿದ ಸಂಖ್ಯೆಗಳಿವು. ಒಬ್ಬೊಬ್ಬರ ಮೈಯಲ್ಲಿ ಎಷ್ಟು ಕಸುವಿದೆ, ಮನಸ್ಸಿಗೆ ಏನು ಬೇಕಾಗಿದೆ ಎಂದು ಇವು ಕೇಳುವುದಿಲ್ಲ.

ಹಾಗಾದರೆ ಯಾವಾಗ ಸಾಕು ಮಾಡಬೇಕು? ಎರಡು ಪ್ರಶ್ನೆಗಳಿಗೆ ಉತ್ತರ ಸಿದ್ಧವಾದಾಗ ಎಂಬುದು ಈ ಬರಹದ ವಾದ. ಒಂದು, ಸಂಬಳ ನಿಂತ ಮೇಲೆ ದುಡ್ಡು ಕೊನೆಯವರೆಗೂ ಬರುತ್ತದೆಯೇ? ಇನ್ನೊಂದು, ಮುಂದಿನ ವಾರ ಬೆಳಿಗ್ಗೆ ಹತ್ತು ಗಂಟೆಗೆ ಏನು ಮಾಡುತ್ತೀರಿ? ಮೊದಲನೆಯದನ್ನು ಕೇಳಿಕೊಳ್ಳುವವರು ಬಹಳ, ಪೂರ್ತಿ ಲೆಕ್ಕ ಹಾಕುವವರು ಕಡಿಮೆ. ಎರಡನೆಯದನ್ನು ಕೇಳಿಕೊಳ್ಳುವವರೇ ಕಡಿಮೆ. ಖಾಸಗಿ ಕೆಲಸದಲ್ಲಿರುವವರು, ಸ್ವಂತ ಅಂಗಡಿ ನಡೆಸುವವರು ಉತ್ತರ ಸಿಗುವವರೆಗೆ ತಾರೀಖನ್ನು ಮುಂದೂಡಬಹುದು, ಬೇಗ ಸಿಕ್ಕರೆ ಬೇಗ ಹೊರಡಬಹುದು. ತಾರೀಖು ತಮ್ಮ ಕೈಯಲ್ಲಿಲ್ಲದ ಸರ್ಕಾರಿ ನೌಕರರು ಉತ್ತರ ಹುಡುಕುವ ಕೆಲಸವನ್ನಾದರೂ ಐದು ವರ್ಷ ಮೊದಲೇ ಶುರುಮಾಡಬಹುದು.

ದುಡ್ಡಿನ ಮಾತು ಮೊದಲು. ನಮ್ಮ ದೇಶದಲ್ಲಿ ಅರವತ್ತು ತಲುಪಿದವರು ಸರಾಸರಿ ಇನ್ನೂ ಹದಿನೇಳು ಹದಿನೆಂಟು ವರ್ಷ ಬದುಕುತ್ತಾರೆ. ಹೆಂಗಸರದು ಇನ್ನೂ ತುಸು ದೀರ್ಘ. ಸರಾಸರಿ ಎಂದಮೇಲೆ ಅದನ್ನು ದಾಟುವವರೂ ಬೇಕಾದಷ್ಟು ಜನ, ಹಾಗಾಗಿ ಗಂಡ ಹೆಂಡತಿ ಇಬ್ಬರಿಗೂ ಸೇರಿಸಿ ಇಪ್ಪತ್ತೈದು ವರ್ಷಕ್ಕೆ ಲೆಕ್ಕ ಹಾಕುವುದು ಕ್ಷೇಮ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಹನ್ನೆರಡು ವರ್ಷಕ್ಕೆ ದುಪ್ಪಟ್ಟಾಗುತ್ತವೆ. ಅರವತ್ತರಲ್ಲಿ ತಿಂಗಳಿಗೆ 40,000 ರೂಪಾಯಿಗೆ ನಡೆಯುವ ಸಂಸಾರಕ್ಕೆ ಎಪ್ಪತ್ತೆರಡರಲ್ಲಿ 80,000, ಎಂಬತ್ನಾಲ್ಕರಲ್ಲಿ 1,60,000 ಬೇಕು. ಹಳೆಯ ಪಿಂಚಣಿಯವರಿಗೆ ತುಟ್ಟಿಭತ್ಯೆ ಈ ಏರಿಕೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸೇವೆಗೆ ಸೇರಿ ಎನ್‌ಪಿಎಸ್‌ಗೆ ಬಂದವರಿಗೆ ಆ ಭರವಸೆಯಿಲ್ಲ, ಅವರ ಪಿಂಚಣಿ ಖಾತೆಯಲ್ಲಿ ಕೂಡಿದ ಮೊತ್ತದ ಮೇಲೆ ನಿಂತಿದೆ. ಖಾಸಗಿ ನೌಕರರ ಸ್ಥಿತಿ ಇನ್ನೂ ಬಿಗಿ. ಪಿಎಫ್ ಜೊತೆಗಿನ ಇಪಿಎಸ್ ಪಿಂಚಣಿಗೆ 2014ರಲ್ಲಿ ಗೊತ್ತುಮಾಡಿದ ವೇತನ ಮಿತಿ 15,000. ಆ ಮಿತಿಯ ಮೇಲೆ 35 ವರ್ಷದ ಸೇವೆ ಹಿಡಿದು, ಸೂತ್ರದಂತೆ 70ರಿಂದ ಭಾಗಿಸಿದರೆ ಬರುವುದು ತಿಂಗಳಿಗೆ 7,500. ಈ ಪಿಂಚಣಿಯನ್ನು 58ಕ್ಕೆ ಮೊದಲೇ ಕೇಳಿದರೆ ವರ್ಷಕ್ಕೆ ಶೇ 4ರಂತೆ ಕಡಿತ, 60ರವರೆಗೆ ತಡೆದರೆ ವರ್ಷಕ್ಕೆ ಶೇ 4ರಂತೆ ಏರಿಕೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಗರಿಷ್ಠ 30 ಲಕ್ಷ ಇಟ್ಟವರಿಗೆ ಶೇ 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬಡ್ಡಿ ಸಿಗುತ್ತದೆ. ಆದರೆ ಐದು ವರ್ಷದ ಅವಧಿ ಮುಗಿಯುವವರೆಗೂ ಅದು ಅಷ್ಟೇ, ಬೇಳೆ ಎಣ್ಣೆಯ ಬೆಲೆ ಮಾತ್ರ ಅಷ್ಟೇ ಇರುವುದಿಲ್ಲ.

ಬೆಂಗಳೂರಿನ ಐಟಿ ವಲಯದಲ್ಲಿ ನಲವತ್ತೈದಕ್ಕೇ ಕೆಲಸ ಬಿಡುವ ಮಾತು ಆಗಾಗ ಕೇಳುತ್ತದೆ. ವರ್ಷದ ಖರ್ಚಿನ ಇಪ್ಪತ್ತೈದು ಪಟ್ಟು ಕೂಡಿಸಿದರೆ ಸಾಕು ಎನ್ನುವುದು ಅವರ ಸೂತ್ರ. ಇದರ ಮೂಲ ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರ 1994ರಲ್ಲಿ ಪ್ರಕಟಿಸಿದ ಲೆಕ್ಕ. ಅಲ್ಲಿನ ಷೇರುಪೇಟೆ, ಅಲ್ಲಿನ ಹಣದುಬ್ಬರ, ಮೂವತ್ತು ವರ್ಷದ ಅವಧಿ ಇವನ್ನು ಹಿಡಿದು ಮಾಡಿದ್ದು ಅದು. ನಲವತ್ತೈದಕ್ಕೆ ಬಿಟ್ಟವರ ಮುಂದೆ ನಲವತ್ತು ವರ್ಷವಿರುತ್ತದೆ, ಬೆಲೆ ಏರುವ ವೇಗವೂ ಇಲ್ಲಿ ಬೇರೆ. ಸೂತ್ರ ತಪ್ಪೆಂದಲ್ಲ, ಇಲ್ಲಿಗೆ ಬಿಗಿಯಾಯಿತು. ಇದರ ಮೇಲೆ ಆಸ್ಪತ್ರೆಯ ಖರ್ಚು. ಕಂಪನಿ ಕೊಡಿಸಿದ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಮುಗಿಯುತ್ತದೆ. ಎಲ್ಲ ವರಮಾನದವರಿಗೂ 5 ಲಕ್ಷದವರೆಗೆ ರಕ್ಷಣೆ ಕೊಡುವ ಆಯುಷ್ಮಾನ್ ಭಾರತ್ ಸೌಲಭ್ಯ ಸಿಗುವುದು 70 ತುಂಬಿದ ಮೇಲೆ. ನಡುವಿನ ವರ್ಷಗಳಿಗೆ ಸ್ವಂತ ಪಾಲಿಸಿ ಬೇಕು. ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಯಂಥವಕ್ಕೆ ವಿಮಾ ಕಂಪನಿ ಮೂರು ವರ್ಷದವರೆಗೆ ಕಾಯಿಸಬಹುದಾದ್ದರಿಂದ ಅದನ್ನು ಐವತ್ತೈದರ ಸುಮಾರಿಗೇ ಮಾಡಿಸಿಕೊಂಡರೆ ಒಳ್ಳೆಯದು.

ಇನ್ನು ಬೆಳಿಗ್ಗೆ ಹತ್ತು ಗಂಟೆಯ ಪ್ರಶ್ನೆ. ಲಂಡನ್ನಿನ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು 1985ರಿಂದ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದಲ್ಲಿ, ನಿವೃತ್ತಿಯ ನಂತರ ಪದಗಳನ್ನು ನೆನಪಿಟ್ಟುಕೊಳ್ಳುವ ಶಕ್ತಿ ಮೊದಲಿಗಿಂತ ಬೇಗ ಕುಂದಿದ್ದು ಕಂಡಿತು. ಹಾಗೆಂದು ಕೆಲಸ ಬಿಟ್ಟರೆ ಬುದ್ಧಿ ಮಂಕಾಗುತ್ತದೆ ಎಂದು ತೀರ್ಮಾನಿಸಬೇಕಾಗಿಲ್ಲ. ಕಚೇರಿ ಎಂಬುದು ಸಂಬಳದ ಜೊತೆಗೆ ಹೊತ್ತಿಗೊಂದು ಕೆಲಸ, ಮಾತಿಗೆ ನಾಲ್ಕು ಜನ, ಈ ಕಡತ ಏನಾಯಿತು ಎಂದು ಬಂದು ಕೇಳುವವರು, ಇಷ್ಟನ್ನೂ ಪುಕ್ಕಟೆಯಾಗಿ ಕೊಡುತ್ತಿರುತ್ತದೆ. ಶಾಲು, ಹಾರ, ಫಲತಾಂಬೂಲ ಹಿಡಿದು ಮನೆಗೆ ಬಂದ ಮಾರನೆಯ ದಿನದಿಂದ ಅವನ್ನು ನಾವೇ ಒದಗಿಸಿಕೊಳ್ಳಬೇಕು. ಮಾಸ್ತಿ ವೆಂಕಟೇಶ ಅಯ್ಯಂಗಾರರು 1943ರಲ್ಲಿ, ತಮಗೆ ಸಲ್ಲಬೇಕಾದ ಸ್ಥಾನ ಕಿರಿಯರಿಗೆ ಹೋದಾಗ, ಮೈಸೂರು ಸರ್ಕಾರದ ನೌಕರಿ ಬಿಟ್ಟರು. ಆಗ ಅವರಿಗೆ ಐವತ್ತೆರಡು. ಬದುಕಿದ್ದು ಇನ್ನೂ ನಲವತ್ತಮೂರು ವರ್ಷ. ‘ಚೆನ್ನಬಸವನಾಯಕ’, ‘ಚಿಕವೀರ ರಾಜೇಂದ್ರ’ ಎರಡೂ ಬಂದದ್ದು ನಿವೃತ್ತಿಯ ಮೇಲೆ. ಜಿ. ವೆಂಕಟಸುಬ್ಬಯ್ಯನವರು 1973ರಲ್ಲಿ ಅಧ್ಯಾಪನದಿಂದ ನಿವೃತ್ತರಾದರು, ‘ಇಗೋ ಕನ್ನಡ’ ಅಂಕಣ ಶುರುಮಾಡಿದ್ದು 1991ರಲ್ಲಿ. ಇವರಿಬ್ಬರೂ ಬಿಡುವು ಸಿಕ್ಕಮೇಲೆ ಹವ್ಯಾಸ ಹುಡುಕಲು ಹೊರಟವರಲ್ಲ. ಮಾಸ್ತಿಯವರ ಮೊದಲ ಕಥಾಸಂಕಲನ 1920ರಷ್ಟು ಹಿಂದಿನದು, ವೆಂಕಟಸುಬ್ಬಯ್ಯನವರು ಪಾಠ ಹೇಳುತ್ತಿದ್ದಾಗಲೇ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾಗಿದ್ದವರು. ಬೇರು ಮೊದಲೇ ಇಳಿದಿತ್ತು.

ಅವರು ದೊಡ್ಡವರು, ನಮ್ಮಂಥವರಿಗೆ ಎಲ್ಲಿಯದು ಎಂದು ಕೇಳಬಹುದು. ಬೇಕಾಗಿರುವುದು ಅವರ ಪ್ರತಿಭೆಯಲ್ಲ, ಅವರ ಕ್ರಮ. ಭಜನಾ ಮಂಡಳಿಯ ಲೆಕ್ಕಪತ್ರ, ಊರಿನ ಶಾಲೆಯಲ್ಲಿ ವಾರಕ್ಕೆರಡು ದಿನ ಗಣಿತ, ಅರ್ಧ ಎಕರೆ ತೋಟ, ಯಕ್ಷಗಾನದ ತಾಳಮದ್ದಳೆ, ಯಾವುದಾದರೂ ಆದೀತು. ಅಲ್ಲಿ ನಾಲ್ಕು ಜನ ನಮ್ಮನ್ನು ಕಾಯುತ್ತಿರಬೇಕು, ನಾವು ಹೋಗದಿದ್ದರೆ ಏನೋ ಒಂದು ನಿಲ್ಲಬೇಕು, ಅದು ನೌಕರಿಯಲ್ಲಿದ್ದಾಗಲೇ ಶುರುವಾಗಿರಬೇಕು. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಕೂಲಿಯವರಿಗೆ, ಸಣ್ಣ ರೈತರಿಗೆ ನಿವೃತ್ತಿ ಎಲ್ಲಿದೆ? ನಿಜ, ಆಯ್ಕೆಯ ಮಾತು ಆಯ್ಕೆ ಇದ್ದವರಿಗೇ ಸಲ್ಲುತ್ತದೆ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆ ಕೊಡುವ ತಿಂಗಳಿಗೆ 1,200 ರೂಪಾಯಿಯಲ್ಲಿ ಯಾರೂ ದುಡಿಮೆ ಬಿಡಲಾರರು. ಅಲ್ಲಿ ಬದಲಾಗಬೇಕಾದದ್ದು ಸರ್ಕಾರದ ಲೆಕ್ಕ. ಆಯ್ಕೆಯಿಲ್ಲದ ಇನ್ನೊಬ್ಬರು ಮನೆಯೊಳಗೇ ಇದ್ದಾರೆ. ಯಜಮಾನರು ನಿವೃತ್ತರಾದರೆ ಮನೆಯಾಕೆಗೆ ಹನ್ನೊಂದು ಗಂಟೆಯ ಕಾಫಿ, ಮಧ್ಯಾಹ್ನದ ಬಿಸಿ ಅಡುಗೆ ಎಂದು ಕೆಲಸ ಹೆಚ್ಚುತ್ತದೆ. ಹತ್ತು ಗಂಟೆಯ ಉತ್ತರದಲ್ಲಿ ಅಡುಗೆಮನೆಯ ಪಾಲೂ ಸೇರದಿದ್ದರೆ ಅದು ಒಬ್ಬರ ನಿವೃತ್ತಿ, ಇನ್ನೊಬ್ಬರ ಬಡ್ತಿ.

ಮಕ್ಕಳ ಜವಾಬ್ದಾರಿ ಮುಗಿಯಲಿ, ಆಮೇಲೆ ನಮ್ಮದು ಎನ್ನುವವರೂ ಇದ್ದಾರೆ. ಹೆತ್ತವರ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಗ್ರಾಚ್ಯುಟಿ, ಪಿಎಫ್ ಬಂದ ವರ್ಷವೇ ಮದುವೆಗೋ ಮಹಡಿ ಕಟ್ಟಿಸುವುದಕ್ಕೋ ಸುರಿದರೆ ಮುಂದಿನ ಇಪ್ಪತ್ತು ವರ್ಷ ಅದೇ ಮಕ್ಕಳ ಮೇಲೆ ಭಾರ ಬೀಳುತ್ತದೆ. ಮನೆಯನ್ನು ಮಕ್ಕಳ ಹೆಸರಿಗೆ ಮಾಡುವುದಾದರೆ ದಾನಪತ್ರದಲ್ಲಿ ಆರೈಕೆಯ ಷರತ್ತನ್ನು ಬರೆಸಿಯೇ ಮಾಡಬೇಕು. ಷರತ್ತು ಮುರಿದರೆ 2007ರ ಹಿರಿಯ ನಾಗರಿಕರ ಪಾಲನೆ, ರಕ್ಷಣೆಯ ಕಾಯ್ದೆಯ 23ನೇ ಸೆಕ್ಷನ್ ಅಡಿ ಆ ಪತ್ರವನ್ನು ರದ್ದುಪಡಿಸಲು ಕೇಳಿಕೊಳ್ಳಬಹುದು. ಬಾಯಿಮಾತಿನ ನಂಬಿಕೆಯನ್ನು ಅಲ್ಲಿ ರುಜುವಾತು ಮಾಡುವುದು ಕಷ್ಟ.

ಎರಡೂ ಉತ್ತರಗಳನ್ನು ಪರೀಕ್ಷೆ ಮಾಡಿ ನೋಡಲು ಸಾಧ್ಯವಿದೆ. ಕೆಲಸದಲ್ಲಿರುವಾಗಲೇ ಆರು ತಿಂಗಳು, ಮುಂದೆ ಬರಲಿರುವ ಪಿಂಚಣಿ ಮತ್ತು ಬಡ್ಡಿಯಷ್ಟರಲ್ಲೇ ಮನೆ ನಡೆಸಿ, ಉಳಿದ ಸಂಬಳವನ್ನು ಮುಟ್ಟದೆ ಇಟ್ಟರೆ ಮೊದಲ ಉತ್ತರ ಗಟ್ಟಿಯೋ ಟೊಳ್ಳೋ ತಿಳಿಯುತ್ತದೆ. ಸರ್ಕಾರಿ ನೌಕರರು 300 ದಿನಗಳ ಗಳಿಕೆ ರಜೆಯನ್ನು ನಗದು ಮಾಡಿಕೊಳ್ಳಲೆಂದು ಜೋಪಾನವಾಗಿ ಕೂಡಿಡುತ್ತಾರೆ. ಅದರಲ್ಲಿ ಮೂವತ್ತು ದಿನ ತೆಗೆದು, ಪ್ರವಾಸ ಹೋಗದೆ, ನಿವೃತ್ತರಂತೆ ಊರಲ್ಲೇ ಇದ್ದು ನೋಡಿದರೆ ಎರಡನೆಯದೂ ತಿಳಿಯುತ್ತದೆ. ಮೂರನೇ ವಾರಕ್ಕೇ ಕಚೇರಿಗೆ ಫೋನು ಮಾಡಬೇಕೆನಿಸಿದರೆ ಸಿದ್ಧತೆ ಇನ್ನೂ ಸಾಲದು. ಆ ಒಂದು ತಿಂಗಳ ರಜೆಯ ದುಡ್ಡು ಹೋಯಿತೆಂದು ಕೊರಗಬೇಕಾಗಿಲ್ಲ. ಇಪ್ಪತ್ತು ವರ್ಷದ ನಿರ್ಧಾರಕ್ಕೆ ಅದು ಅಗ್ಗದ ಬೆಲೆ.