ಪ್ರಳಯದ ದೋಣಿಯಿಂದ ಹಾರಿದ ಹಕ್ಕಿಗಳು

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ನುಗ್ಗಿತು. ಆ ಭಾಗದ ಓದುಗರೊಬ್ಬರ ಪ್ರಶ್ನೆ: ನದಿ ಇದ್ದಲ್ಲೆಲ್ಲ ನೆರೆ ಬರುತ್ತದೆ, ನೆರೆಯ ಕಥೆಯೂ ಹುಟ್ಟುತ್ತದೆ, ಹಾಗಾದರೆ ಬೈಬಲಿನ ನೋಹನ ಕಥೆಯ ಬೇರು ಬಾಬಿಲೋನಿನಲ್ಲಿದೆ ಎನ್ನಲು ಆಧಾರವೇನು?

ಬರೀ ನೆರೆ ಆಧಾರವಾಗದು, ನಿಜ. ಶತಪಥ ಬ್ರಾಹ್ಮಣದ ಮನುವೂ ದೋಣಿಯಲ್ಲಿ ಉಳಿದವನೇ. ಆದರೆ ಅವನು ಹಕ್ಕಿ ಹಾರಿಸಲಿಲ್ಲ.

ಹಕ್ಕಿ ಸಿಕ್ಕಿದ್ದು ಜಾರ್ಜ್ ಸ್ಮಿತ್‌ಗೆ. ನೋಟು ಅಚ್ಚಿನ ಕೆತ್ತನೆ ಕಲಿತಿದ್ದ ಈತ ಬ್ರಿಟಿಷ್ ಮ್ಯೂಸಿಯಂನಲ್ಲಿ ಇಂದಿನ ಇರಾಕಿನ ಪ್ರಾಚೀನ ಪಟ್ಟಣ ನಿನೆವೆಯ ಮಣ್ಣಿನ ಹಲಗೆಗಳನ್ನು ಓದುತ್ತ ಕೂತವನು. 1872ರ ಡಿಸೆಂಬರ್ 3ರಂದು ಲಂಡನ್ನಿನ ಸಭೆಯಲ್ಲಿ ತಾನು ಕಂಡದ್ದನ್ನು ಓದಿ ಹೇಳಿದ. ಆ ಹಲಗೆಯ ಕಥೆಯಲ್ಲಿ ಪ್ರಳಯದಿಂದ ಪಾರಾದ ಉತ್ನಪಿಷ್ತಿಮನ ದೋಣಿ ಬೆಟ್ಟಕ್ಕೆ ತಗಲಿ ನಿಲ್ಲುತ್ತದೆ. ಅವನು ಪಾರಿವಾಳ ಬಿಡುತ್ತಾನೆ, ಮರಳುತ್ತದೆ. ಕವಲುತೋಕೆ ಬಿಡುತ್ತಾನೆ, ಅದೂ ಮರಳುತ್ತದೆ. ಕಾಗೆ ಮಾತ್ರ ಮರಳುವುದಿಲ್ಲ. ಆಮೇಲೆ ಹೋಮ, ಅದರ ಪರಿಮಳಕ್ಕೆ ದೇವತೆಗಳು ಮುತ್ತುತ್ತಾರೆ. ನೋಹನೂ ದೋಣಿ ಬೆಟ್ಟದ ಮೇಲೆ ನಿಂತಾಗ ಕಾಗೆ, ಪಾರಿವಾಳ ಹಾರಿಸಿದ. ಅವನ ಬಲಿಯ ಪರಿಮಳವನ್ನೂ ದೇವರು ಮೂಸಿದ. ಕಥೆಗೆ ಅನಿವಾರ್ಯವಲ್ಲದ ಇಷ್ಟು ವಿವರಗಳು ಇದೇ ಸಾಲಿನಲ್ಲಿ ಎರಡು ಕಡೆ ತಾವಾಗಿ ಹುಟ್ಟಿದವು ಎಂದರೆ ನಾನು ನಂಬಲಾರೆ.

ಸರಿ, ಯಾವುದು ಹಳೆಯದು? ಸ್ಮಿತ್ ಓದಿದ ಹಲಗೆ ಕ್ರಿ.ಪೂ. 7ನೇ ಶತಮಾನದ್ದು, ಅಷ್ಟೇನೂ ಹಳೆಯದಲ್ಲ. ಇಲ್ಲಿ ಕೊಣ್ಣೂರಿನದೇ ಒಂದು ಕಲ್ಲು ದಾರಿ ತೋರಿಸುತ್ತದೆ. ಅಲ್ಲಿನ ಶಾಸನ, ರಾಷ್ಟ್ರಕೂಟ ಅಮೋಘವರ್ಷ ಶಕ 782ರಲ್ಲಿ, ಅಂದರೆ 860ರಲ್ಲಿ, ತನ್ನ ಸಾಮಂತ ಬಂಕೆಯನ ಕೋರಿಕೆಯಂತೆ ಬಸದಿಗೆ ಕೊಟ್ಟ ದತ್ತಿಯನ್ನು ಹೇಳುತ್ತದೆ. ಅದನ್ನು ಸಂಪಾದಿಸಿದ ಕೀಲ್‌ಹಾರ್ನ್ ಅಕ್ಷರ ನೋಡಿ, ಕೆತ್ತಿದ್ದು ಸುಮಾರು 12ನೇ ಶತಮಾನದಲ್ಲಿ ಎಂದರು. ತಾಮ್ರಪಟವನ್ನು ನೋಡಿ ಕಲ್ಲಿಗಿಳಿಸಿದ್ದೆಂದು ಶಾಸನವೇ ಹೇಳಿಕೊಳ್ಳುತ್ತದೆ. ಬರೆಹದ ವಯಸ್ಸು ಬೇರೆ, ಅದು ಕೂತ ಕಲ್ಲಿನ ವಯಸ್ಸು ಬೇರೆ. ನಿನೆವೆಯ ಹಲಗೆಯೂ ಹೀಗೆ ಪ್ರತಿಯ ಪ್ರತಿ. ಅದೇ ಪ್ರಳಯ ಹೇಳುವ ಅತ್ರಹಸಿಸ್ ಕಾವ್ಯದ ಹಲಗೆಗಳು ಕ್ರಿ.ಪೂ. 17ನೇ ಶತಮಾನದವು, ಹೀಬ್ರೂ ಬರೆಹಕ್ಕಿಂತ ಬಹಳ ಹಿಂದಿನವು.

1929ರಲ್ಲಿ ಲಿಯೊನಾರ್ಡ್ ವೂಲಿ ಉರ್ ಪಟ್ಟಣದ ಅಡಿಯಲ್ಲಿ ದಪ್ಪನೆಯ ಮೆಕ್ಕಲು ಕಂಡು ‘ಪ್ರಳಯ ಸಿಕ್ಕಿತು’ ಎಂದು ಸಾರಿದ್ದನ್ನು ಪತ್ರಿಕೆಗಳು ಈಗಲೂ ಆಧಾರವೆಂದು ಎತ್ತಿ ಹೇಳುತ್ತವೆ. ಆದರೆ ಅದೇ ನಾಡಿನ ಕಿಶ್, ಶುರುಪ್ಪಕ್ ಪಟ್ಟಣಗಳ ಮೆಕ್ಕಲಿನ ಕಾಲ ಅದಕ್ಕೆ ಹೊಂದುವುದಿಲ್ಲ. ಅವು ಬೇರೆ ಬೇರೆ ನೆರೆಗಳು.

ನನ್ನನ್ನು ಹೆಚ್ಚು ಹಿಡಿಯುವುದು ಹೀಬ್ರೂ ಬರಹಗಾರರು ಬದಲಿಸಿದ್ದು. ಅತ್ರಹಸಿಸ್‌ನಲ್ಲಿ ಜನ ಹೆಚ್ಚಿ ಗದ್ದಲವಾಗಿ ದೇವತೆ ಎನ್ಲಿಲ್‌ನ ನಿದ್ದೆ ಕೆಡುತ್ತದೆ, ಅದಕ್ಕೇ ಪ್ರಳಯ. ನೀರಿಳಿದ ಮೇಲೆ ಬಂಜೆತನ, ಶಿಶುಮರಣಗಳನ್ನು ವಿಧಿಸಿ ಜನಸಂಖ್ಯೆಗೆ ಕಡಿವಾಣ. ನೋಹನ ಕಾಲದ ತಪ್ಪು ಹಿಂಸೆ. ನೀರಿಳಿದ ಮೇಲೆ ಅವನಿಗೆ ಸಿಕ್ಕ ಅಪ್ಪಣೆಯೂ ತಿರುಗುಮುರುಗು: ಮಕ್ಕಳನ್ನು ಹೆತ್ತು ಭೂಮಿ ತುಂಬಿಸಿ.