ಅಕ್ಕಿ ಫ್ರೀ ಬಂತು, ಬೇಳೆ-ಎಣ್ಣೆಗೆ ರೊಕ್ಕ ಎಲ್ಲಿಂದ? ಐದು ಮಂದಿ ಮನೆಯ ಒಂದು ವಾರದ ಲೆಕ್ಕ ಇಲ್ಲಿದೆ

ನವಲಗುಂದ: ರೇಷನ್ ಅಕ್ಕಿ ಮನೆಗೆ ಬಂದರೆ ತಿಂಗಳ ಊಟದ ಚಿಂತೆ ಮುಗೀತು ಅನ್ನುವವರು ಇದ್ದಾರೆ. ಸಂತಿಗೆ ಚೀಲ ಹಿಡಕೊಂಡು ಹೋಗುವವರಿಗೆ ಮಾತ್ರ ಅದು ಮುಗಿಯಲ್ಲ ಅಂತ ಗೊತ್ತು. ಅಕ್ಕಿ ಹೊಟ್ಟೆ ತುಂಬಿಸುತ್ತೆ, ಆದರೆ ಬೇಳೆ, ಕಾಳು, ಎಣ್ಣೆ, ಹಾಲು, ಕಾಯಿಪಲ್ಲೆ ಎಲ್ಲವನ್ನೂ ಕೈಯಿಂದ ರೊಕ್ಕ ಕೊಟ್ಟೇ ತರಬೇಕು. ಕೂಲಿ ಸಿಗದ ವಾರ, ಮಳೆ ಹಿಡಿದ ವಾರ ಕೈ ಬಿಗಿಯಾದಾಗ ಮನೆಯಲ್ಲಿ ಮೊದಲು ತೆಳ್ಳಗಾಗುವುದು ಸಾರು. ಅನ್ನ ಅಷ್ಟೇ ಇರುತ್ತೆ, ಅದರ ಮೇಲೆ ಬೀಳುವ ಬೇಳೆ ಕಡಿಮೆ ಆಗುತ್ತೆ.

ಇದು ಬರೀ ರುಚಿಯ ಮಾತಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಹಾಗೂ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಹೊಟ್ಟೆ ತುಂಬಿದರೂ ಮೈಗೆ ಸತ್ವ ಹತ್ತುತ್ತಿಲ್ಲ ಅಂತ ಇದರ ಅರ್ಥ. ಹಾಗಾಗಿ ಕೈಯಲ್ಲಿ ರೊಕ್ಕ ಕಡಿಮೆ ಇದ್ದಾಗ ಯಾವುದನ್ನು ಕಡಿಮೆ ಮಾಡಬೇಕು, ಯಾವುದಕ್ಕೆ ಕೈ ಹಚ್ಚಬಾರದು ಅನ್ನೋದೇ ನಿಜವಾದ ಪ್ರಶ್ನೆ.

ರೇಷನ್‌ನಲ್ಲಿ ಬರೋದು ಏನು?

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪ್ರಕಾರ ಬಿಪಿಎಲ್ (ಆದ್ಯತಾ) ಕಾರ್ಡಿನಲ್ಲಿ ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ, ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕೆಜಿ. 2023ರ ಜನವರಿಯಿಂದ ಇದು ಪೂರ್ತಿ ಉಚಿತ. ಇದರ ಮೇಲೆ ರಾಜ್ಯ ಸರ್ಕಾರ ಅನ್ನಭಾಗ್ಯದಡಿ ಇನ್ನೂ 5 ಕೆಜಿ ಸೇರಿಸಿತು. 2023ರ ಜುಲೈನಿಂದ ಅದರ ಬದಲು ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು, 2025ರ ಫೆಬ್ರವರಿಯಿಂದ ಅಕ್ಕಿಯನ್ನೇ ಕೊಡಲು ಶುರು ಮಾಡಿದರು. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ ಹೆಚ್ಚುವರಿ ಅಕ್ಕಿ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡುವ ತೀರ್ಮಾನ ಮಾಡಿತು. ಅಂದರೆ ಮನೆಗಳಲ್ಲಿ ಕೊರತೆ ಇರೋದು ಅಕ್ಕಿಯದ್ದಲ್ಲ, ಬೇಳೆ-ಎಣ್ಣೆಯದ್ದು ಅನ್ನೋದನ್ನ ಸರ್ಕಾರವೂ ಒಪ್ಪಿಕೊಂಡಂಗಾಯ್ತು. ಕಿಟ್ ಕೈಗೆ ಸಿಕ್ಕವರು ಕೆಳಗಿನ ಪಟ್ಟಿಯಲ್ಲಿ ಅಷ್ಟು ಸಾಮಾನು ಕಳೆದುಕೊಳ್ಳಬಹುದು.

ರೇಷನ್ ಅಕ್ಕಿ ಬಗ್ಗೆ ಒಂದು ಮಾತು. ಅದರಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ಬಣ್ಣದ ಕಾಳು ಕಂಡರೆ ಪ್ಲಾಸ್ಟಿಕ್ ಅಂತ ಆರಿಸಿ ಚೆಲ್ಲಬೇಡಿ. ಅದು ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ-12 ವಿಟಮಿನ್ ಸೇರಿಸಿ ಮಾಡಿದ ಸಾರವರ್ಧಿತ ಕಾಳು. 100 ಕೆಜಿ ಅಕ್ಕಿಗೆ 1 ಕೆಜಿ ಲೆಕ್ಕದಲ್ಲಿ ಬೆರೆಸಿರುತ್ತಾರೆ. ಅಕ್ಕಿಯನ್ನು ನಾಲ್ಕೈದು ಸಲ ತಿಕ್ಕಿ ತೊಳೆಯೋದು, ಗಂಜಿ ಬಸಿದು ಚೆಲ್ಲೋದು ಎರಡೂ ನಷ್ಟವೇ.

ಐದು ಮಂದಿಗೆ ವಾರಕ್ಕೆ ಎಷ್ಟು ಬೇಕು?

ಗಂಡ, ಹೆಂಡತಿ, ಅಜ್ಜಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಅಂತ ಹಿಡಿಯೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ 85 ಗ್ರಾಂ ಬೇಳೆಕಾಳು, 27 ಗ್ರಾಂ ಎಣ್ಣೆ ಎಂಬ ಅಳತೆ ಇದೆ. ಐದು ಮಂದಿಗೆ ಏಳು ದಿನಕ್ಕೆ ಗುಣಿಸಿದರೆ ಬೇಳೆಕಾಳು ಹತ್ತಿರ ಹತ್ತಿರ 3 ಕೆಜಿ, ಎಣ್ಣೆ ಒಂದು ಲೀಟರ್ ಪಾಕೀಟು. ಮೈಮುರಿದು ದುಡಿಯುವ ಮನೆ ಅಂದಮೇಲೆ ಅಕ್ಕಿ-ಜೋಳ ಸೇರಿ ವಾರಕ್ಕೆ ಹತ್ತೂವರೆ ಕೆಜಿ ಬೇಕು.

ಕಾಳಿಗೆ ಇಷ್ಟು ಒತ್ತು ಯಾಕೆ? ಅಕ್ಕಿ, ಜೋಳದಲ್ಲಿ ಪ್ರೋಟೀನ್ ಇದೆ, ಆದರೆ ಅದರಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳಿನಲ್ಲಿ ಅದು ಹೇರಳ. ಎರಡೂ ಕೂಡಿದಾಗ ಒಂದರ ಕೊರತೆ ಇನ್ನೊಂದು ತುಂಬುತ್ತೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು ಇರಲಿ ಅಂತ ತಜ್ಞರು ಹೇಳೋದು ಇದಕ್ಕೇ. ರೊಟ್ಟಿ ಜೋಡಿ ಕಾಳು ಪಲ್ಯ, ಝುಣಕ, ಶೇಂಗಾ ಚಟ್ನಿ ತಿನ್ನುವ ನಮ್ಮ ಭಾಗದ ಊಟ ಈ ಲೆಕ್ಕಕ್ಕೆ ಸರಿಯಾಗಿಯೇ ಇದೆ. ತಟ್ಟೆಯಲ್ಲಿ ಕಾಳಿನ ಪಾಲು ಕುಗ್ಗಬಾರದು, ಅಷ್ಟೇ.

ವಾರದ ಪಟ್ಟಿ

ದರ ಊರಿಂದ ಊರಿಗೆ, ವಾರದಿಂದ ವಾರಕ್ಕೆ ಬೇರೆ. ಇಲ್ಲಿ ಲೆಕ್ಕಕ್ಕೆ ಅನುಕೂಲ ಆಗಲಿ ಅಂತ ದುಂಡು ದರ ಹಿಡಿದಿದೆ. ನಿಮ್ಮ ಅಂಗಡಿ ದರ ಹಾಕಿ ತಿದ್ದಿಕೊಳ್ಳಿ.

– ಅಕ್ಕಿ 5.5 ಕೆಜಿ: ರೇಷನ್, ಖರ್ಚಿಲ್ಲ
– ಜೋಳ 5 ಕೆಜಿ (ಕೆಜಿಗೆ 50): 250 ರೂ.
– ಗಿರಣಿ ಬೀಸುವ ಖರ್ಚು: 25 ರೂ.
– ತೊಗರಿ ಬೇಳೆ ಮುಕ್ಕಾಲು ಕೆಜಿ (ಕೆಜಿಗೆ 120): 90 ರೂ.
– ಕಡ್ಲಿ ಬೇಳೆ ಮತ್ತು ಹಿಟ್ಟು ಸೇರಿ 1 ಕೆಜಿ: 90 ರೂ.
– ಹೆಸರು ಕಾಳು ಅರ್ಧ ಕೆಜಿ (ಕೆಜಿಗೆ 110): 55 ರೂ.
– ಮಡಕಿ ಕಾಳು ಕಾಲು ಕೆಜಿ (ಕೆಜಿಗೆ 120): 30 ರೂ.
– ಶೇಂಗಾ ಅರ್ಧ ಕೆಜಿ (ಕೆಜಿಗೆ 140): 70 ರೂ.
– ಅಡುಗೆ ಎಣ್ಣೆ 1 ಲೀಟರ್: 150 ರೂ.
– ಹಾಲು ದಿನಕ್ಕೆ ಅರ್ಧ ಲೀಟರ್ (24 ರೂ.ನಂತೆ): 168 ರೂ.
– ಮೊಟ್ಟೆ 10 (7 ರೂ.ನಂತೆ): 70 ರೂ.
– ಉಳ್ಳಾಗಡ್ಡಿ, ಬಳ್ಳೊಳ್ಳಿ, ಕಾಯಿಪಲ್ಲೆ, ಸೊಪ್ಪು: 250 ರೂ.
– ಸಕ್ಕರೆ 1 ಕೆಜಿ 45, ಚಹಾಪುಡಿ 30: 75 ರೂ.
– ಉಪ್ಪು, ಖಾರ, ಮಸಾಲಿ: 50 ರೂ.

ಒಟ್ಟು 1,373 ರೂಪಾಯಿ. ತಲೆಗೆ ದಿನಕ್ಕೆ 39 ರೂಪಾಯಿ ಬಿತ್ತು. 2025–26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಆ ಲೆಕ್ಕದಲ್ಲಿ ನಾಲ್ಕು ದಿನದ ದುಡಿಮೆ ಊಟಕ್ಕೇ ಹೋಯ್ತು.

ಈ ಪಟ್ಟಿ ಪೂರ್ತಿ ಸರಿ ಅಂತಲ್ಲ. ಮಾರ್ಗಸೂಚಿ ಪ್ರಕಾರ ಐದು ಮಂದಿಗೆ ವಾರಕ್ಕೆ 14 ಕೆಜಿ ಕಾಯಿಪಲ್ಲೆ ಬೇಕು, 250 ರೂಪಾಯಿಗೆ ಅಷ್ಟು ಬರಲ್ಲ. ಹಾಲೂ ಕಡಿಮೆಯೇ. ಆದರೆ ಬೇಳೆಕಾಳು, ಎಣ್ಣೆ ಅಳತೆಗೆ ಹತ್ತಿರ ಇವೆ.

ತೊಗರಿಗಿಂತ ಕಡ್ಲಿ ಹೆಚ್ಚು ಹಿಡಿದಿರೋದಕ್ಕೂ ಕಾರಣ ಇದೆ. 100 ಗ್ರಾಂ ತೊಗರಿ ಬೇಳೆಯಲ್ಲೂ, 100 ಗ್ರಾಂ ಕಡ್ಲಿ ಬೇಳೆಯಲ್ಲೂ ಪ್ರೋಟೀನ್ 21–22 ಗ್ರಾಂ ಆಸುಪಾಸು. ಸತ್ವ ಒಂದೇ, ದರ ಮಾತ್ರ ಸಾಮಾನ್ಯವಾಗಿ ಕಡ್ಲಿದೇ ಕಡಿಮೆ. ತೊಗರಿ ತುಟ್ಟಿ ಆದಾಗ ಸಾರು ತೆಳ್ಳಗೆ ಮಾಡೋ ಬದಲು ವಾರಕ್ಕೆರಡು ದಿನ ಝುಣಕಕ್ಕೆ, ಕಡ್ಲಿ ಬೇಳೆ ಪಲ್ಯಕ್ಕೆ ಹೊರಳಿದರೆ ಸಾಕು.

ಅಡುಗೆಗೆ ಹೀಗೆ ಹಂಚಬಹುದು. ಸೋಮವಾರ ರೊಟ್ಟಿ, ಹೆಸರು ಕಾಳು ಪಲ್ಯ. ಮಂಗಳವಾರ ರೊಟ್ಟಿ, ಝುಣಕ. ಬುಧವಾರ ಮೆಂತೆ ಸೊಪ್ಪು ಹಾಕಿದ ತೊಗರಿ ಬೇಳೆ, ಅನ್ನ. ಗುರುವಾರ ಮೊಳಕೆ ಬಂದ ಮಡಕಿ ಕಾಳು. ಶುಕ್ರವಾರ ಬೇಳೆ, ನುಚ್ಚು ಹಾಕಿದ ಪುಂಡಿ ಪಲ್ಯ. ಶನಿವಾರ ಹೆಸರು ಕಾಳು ಹಾಕಿದ ಖಿಚಡಿ. ರವಿವಾರ ಮೊಟ್ಟೆ ಸಾರು. ಕಡ್ಲಿ ಬೇಳೆ ಕುದಿಸಿದ ದಿನ ಬಸಿದ ಕಟ್ಟಿನಲ್ಲೇ ರಾತ್ರಿಗೆ ಕಟ್ಟಿನ ಸಾರು. ಶೇಂಗಾ ಚಟ್ನಿ ದಿನಾಲೂ ಇರಲಿ. ಚಳಿಗಾಲದಲ್ಲಿ ನವಲಗುಂದ, ಅಣ್ಣಿಗೇರಿ ಕಡೆ ಎರೆಹೊಲದ ಕಡ್ಲಿ ಸೊಪ್ಪು ಸಿಗುವಾಗ ತುಟ್ಟಿ ತರಕಾರಿ ಹಿಂದೆ ಹೋಗೋ ಜರೂರಿಲ್ಲ. ಭತ್ತ ಬೆಳೆಯುವ ಕಲಘಟಗಿ ಕಡೆಯವರು ಜೋಳ ಕಡಿಮೆ ಮಾಡಿ ಅಕ್ಕಿ ಹೆಚ್ಚು ಮಾಡಿಕೊಂಡರೂ ಲೆಕ್ಕ ಕೆಡಲ್ಲ.

ಕೈಯಲ್ಲಿ 1,000 ಮಾತ್ರ ಇದ್ದರೆ?

ಬೇಳೆಕಾಳಿಗೆ ಕೈ ಹಚ್ಚದೆ ಇಳಿಸಬಹುದು. ಹೆಚ್ಚುವರಿ ಅಕ್ಕಿ ಮನೆಯಲ್ಲಿದ್ದರೆ ಜೋಳ 5 ಕೆಜಿಯಿಂದ 2 ಕೆಜಿಗೆ ತನ್ನಿ, ಬೀಸುವ ಖರ್ಚು ಸೇರಿ 165 ಉಳಿಯಿತು. ಮಕ್ಕಳಿಗೆ ಶಾಲೆಯಲ್ಲಿ ಮೊಟ್ಟೆ ಸಿಗುವುದರಿಂದ ಮನೆಗೆ 4 ಸಾಕು, 42 ಉಳಿಯಿತು. ಹಾಲು ದಿನಕ್ಕೆ ಕಾಲು ಲೀಟರ್ ಮಾಡಿದರೆ 84, ಚಹಾ-ಸಕ್ಕರೆ ಕಡಿಮೆ ಮಾಡಿದರೆ 35, ಸಂತಿಯಲ್ಲಿ ಹೊತ್ತು ಮುಳುಗೋ ಮುಂದ ಸೊಪ್ಪು-ಕಾಯಿಪಲ್ಲೆ ಕೊಂಡರೆ 50. ಒಟ್ಟು 376 ಕಡಿಮೆ, ಪಟ್ಟಿ 997ಕ್ಕೆ ನಿಂತಿತು. 3 ಕೆಜಿ ಬೇಳೆಕಾಳು, ಒಂದು ಲೀಟರ್ ಎಣ್ಣೆ ಹಾಗೇ ಉಳಿದವು.

ಗೃಹಲಕ್ಷ್ಮಿ ರೊಕ್ಕದ ಲೆಕ್ಕ

ಮೇಲಿನ ಪಟ್ಟಿಯಲ್ಲಿ ಬೇಳೆಕಾಳು, ಶೇಂಗಾ ಸೇರಿ 335 ರೂಪಾಯಿ, ಎಣ್ಣೆ 150. ವಾರಕ್ಕೆ 485. 30 ದಿನದ ತಿಂಗಳಿಗೆ 2,078 ರೂಪಾಯಿ. 2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿಯಲ್ಲಿ ಮನೆಯ ಯಜಮಾನಿಗೆ ಬರೋದು ತಿಂಗಳಿಗೆ 2,000. ಹೆಚ್ಚೂಕಡಿಮೆ ಸಮ. ಅಂದರೆ ಆ ರೊಕ್ಕ ಬಂದ ದಿನವೇ ತಿಂಗಳ ಬೇಳೆ, ಕಾಳು, ಎಣ್ಣೆ ತಂದು ಡಬ್ಬಿ ತುಂಬಿಸಿದರೆ ಉಳಿದ ವಾರಗಳಲ್ಲಿ ಕೂಲಿ ಸಿಗಲಿ ಬಿಡಲಿ, ಸಾರು ತೆಳ್ಳಗಾಗಲ್ಲ. ಖಾತೆಗೆ ಬರುವ ತಾರೀಖು ಹಿಂದೆಮುಂದೆ ಆಗುತ್ತೆ, ಹಾಗಾಗಿ ಅದನ್ನು ನಂಬಿ ಈ ವಾರದ ಸಂತಿ ಬಿಡಬೇಡಿ. ಬಂದಾಗ ಮುಂದಿನ ತಿಂಗಳಿಗೆ ಇಡಿ.

ಅಂಗಡಿಯಲ್ಲಿ ರೊಕ್ಕ ಸೋರೋದು ಎಲ್ಲಿ?

ಒಂದು, ಹತ್ತು ರೂಪಾಯಿ ಪಾಕೀಟು. ಇಬ್ಬರು ಮಕ್ಕಳಿಗೆ ದಿನಕ್ಕೊಂದೊಂದು ಕುರುಕಲು ಪಾಕೀಟು ಅಂದರೆ ವಾರಕ್ಕೆ 140 ರೂಪಾಯಿ. ಮೇಲೆ ಹಿಡಿದ ದರದಲ್ಲಿ ಒಂದು ಕೆಜಿ ಶೇಂಗಾ ಬರುತ್ತೆ.

ಎರಡು, ಅಳತೆ. ಎಣ್ಣೆ ಪಾಕೀಟುಗಳು ನೋಡಲು ಒಂದೇ ಥರ ಇದ್ದರೂ ಒಳಗಿನ ತೂಕ ಬೇರೆ ಇರಬಹುದು. ಒಂದು ಲೀಟರ್ ಎಣ್ಣೆ ತೂಗಿದರೆ 910 ಗ್ರಾಂ ಆಸುಪಾಸು. ಪಾಕೀಟಿನ ಮೇಲೆ ಎಂಆರ್‌ಪಿ ಜೋಡಿ ಗ್ರಾಂಗೆ ಅಥವಾ ಮಿಲಿಗೆ ಎಷ್ಟು ಎಂಬ ದರವೂ ಅಚ್ಚಾಗಿರುತ್ತೆ. ಎರಡು ಕಂಪನಿ ಹೋಲಿಸುವಾಗ ಅದನ್ನು ನೋಡಿ.

ಮೂರು, ಬಿಡಿ ಸಾಮಾನು. 2022ರ ಜುಲೈ 18ರಿಂದ 25 ಕೆಜಿವರೆಗಿನ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆ, ಹಿಟ್ಟು, ಅಕ್ಕಿಗೆ ಶೇ 5 ಜಿಎಸ್‌ಟಿ ಇದೆ. ಅಂಗಡಿಯಲ್ಲಿ ಚೀಲದಿಂದ ತೂಗಿ ಕೊಡುವ ಬಿಡಿ ಬೇಳೆಗೆ ಇಲ್ಲ.

ನಾಲ್ಕು, ಉದ್ರಿ. ಕಿರಾಣಿ ಅಂಗಡಿಯವರು ಉದ್ರಿ ಕೊಡದಿದ್ದರೆ ಎಷ್ಟೋ ಮನೆಯಲ್ಲಿ ಒಲೆ ಹೊತ್ತಲ್ಲ, ನಿಜ. ಹಂಗಂತ ಉದ್ರಿ ಅಂದಾಗ ದರ ಕೇಳಲ್ಲ, ತೂಕ ನೋಡಲ್ಲ. ಅಂಗಡಿಯವರದ್ದೂ ಬಂಡವಾಳ ಸುಗ್ಗಿವರೆಗೆ ಸಿಕ್ಕಿಬೀಳುತ್ತೆ. ಗಿರಾಕಿ ಮನೆಯಲ್ಲೂ ಒಂದು ವಹಿ ಇರಲಿ, ತಂದ ದಿನವೇ ದರದ ಜೋಡಿ ಬರೆದಿಡಿ. ವಾರದ ಬೇಳೆ-ಎಣ್ಣೆಯನ್ನಾದರೂ ನಗದಿಗೆ ತಂದರೆ ಇಬ್ಬರಿಗೂ ಹಗುರ. ಒಂದೇ ಸಲ ವಾರದ ಪಟ್ಟಿ ತಂದು ನಗದು ಕೊಡುವ ಗಿರಾಕಿಗೆ ಅಂಗಡಿಯವರು ಎರಡು ರೂಪಾಯಿ ಬಿಟ್ಟರೂ ನಷ್ಟ ಇಲ್ಲ.

ಹೊಲ ಇದ್ದವರಿಗೆ ಒಂದು ಮಾತು

ಹೆಸರು, ಕಡ್ಲಿ ಬೆಳೆಯುವ ಮನೆಯಲ್ಲೇ ಬೇಳೆ ಕೊಂಡು ತಿನ್ನೋದು ನಮ್ಮ ಭಾಗದಲ್ಲಿ ಹೊಸದಲ್ಲ. ಸಾಲ ತೀರಿಸಲು ರಾಶಿ ಪೂರ್ತಿ ಮಾರಿ, ಮುಂದೆ ಅದೇ ಕಾಳನ್ನು ಅಂಗಡಿಯಿಂದ ತರೋದು. 2025–26ಕ್ಕೆ ಹೆಸರು ಕಾಳಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768, ಕೆಜಿಗೆ 88 ರೂಪಾಯಿಯೂ ಬೀಳಲ್ಲ. ಅಂಗಡಿ ದರ ಅದಕ್ಕಿಂತ ಮೇಲೆ. ವಾರಕ್ಕೆ ಅರ್ಧ ಕೆಜಿಯಂತೆ ವರ್ಷಕ್ಕೆ ಬೇಕಾಗೋದು ಬರೀ 26 ಕೆಜಿ. ಬೇಳೆ ಮಾಡಿಸಲು ಕಡ್ಲಿ ಮುಕ್ಕಾಲು ಕ್ವಿಂಟಲ್ ಆಸುಪಾಸು. ಮಾರುಕಟ್ಟೆಗೆ ಗಾಡಿ ಹೂಡೋ ಮುಂಚೆ ಇಷ್ಟನ್ನು ಬೇರೆ ಚೀಲಕ್ಕೆ ಹಾಕಿ. ಚಲೋ ಬಿಸಿಲಿಗೆ ಒಣಗಿಸಿ, ಒಣ ಬೇವಿನ ಎಲೆ ಹಾಕಿ ಬಾಯಿ ಬಿಗಿದಿಟ್ಟರೆ ಹುಳದ ಕಾಟ ಕಡಿಮೆ.

ಮನೆ ಹೊರಗಿನ ಊಟವೂ ಲೆಕ್ಕಕ್ಕೆ ಬರಲಿ

ಸರ್ಕಾರಿ ಮತ್ತು ಅನುದಾನಿತ ಶಾಲೆಯ 1ರಿಂದ 10ನೇ ತರಗತಿ ಮಕ್ಕಳಿಗೆ ಬಿಸಿಯೂಟ ಇದೆ. 2013ರಿಂದ ಕ್ಷೀರಭಾಗ್ಯದ ಹಾಲು ಇದೆ. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಶಾಲೆ ತಪ್ಪಿಸಿದ ದಿನ ಮಗು ಪಾಠ ಅಷ್ಟೇ ಅಲ್ಲ, ಮೊಟ್ಟೆಯನ್ನೂ ಕಳಕೊಳ್ಳುತ್ತೆ. ಬಸುರಿ, ಬಾಣಂತಿಯರಿಗೆ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟ ಇದೆ. ಹೆಸರು ನೋಂದಾಯಿಸದವರು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಬೇಕು.

ಕೊನೆಗೆ ಖರ್ಚಿಲ್ಲದ ಮೂರು ಕೆಲಸ. ಊಟ ಆದ ಕೂಡಲೇ ಚಹಾ ಕುಡಿಯಬೇಡಿ, ಕಬ್ಬಿಣಾಂಶ ಮೈಗೆ ಹತ್ತಲ್ಲ. ಒಂದು ತಾಸು ಬಿಟ್ಟು ಕುಡಿಯಿರಿ. ಕಾಳು ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿದರೆ ಅದೇ ಕಬ್ಬಿಣಾಂಶ ಚಲೋ ಹತ್ತುತ್ತೆ. ಮೂರನೆಯದು ಬಡಿಸುವ ಕೆಲಸ. ಎಲ್ಲರದೂ ಆದ ಮೇಲೆ ಉಣ್ಣುವ ಹೆಣ್ಣುಮಗಳ ಪಾಲಿಗೆ ಬೋಗುಣಿ ತಳದ ತಿಳಿ ಸಾರು ಉಳಿಯುವ ಮನೆಯಲ್ಲಿ 3 ಕೆಜಿ ಬೇಳೆ ತಂದರೂ ಲೆಕ್ಕ ಕೂಡಲ್ಲ. ಬಡಿಸೋ ಮುಂಚೆಯೇ ಆಕೆಯ ಪಾಲು ತೆಗೆದಿಡಿ.